ಅಳಿಸಿದ ಕಾರ್ಡಿನ್ಯಾಗ ನಿಂಬೆವ್ವ

...ಛಾ ಆಮ್ಯಾಲ ಮಾಡು ಬೇ ಸಪ್ನಾ, ಮೊದ್ಲ ಕುಂದ್ರು! ಬಂದಾಗಿಂದ ನೋಡಾಕತ್ತೇನಿ, ಒಳಗ ಹೋಗ್ತಿ, ಹೊರಗ ಬರ್ತಿ... ನಾ ಏನ್ ಬೀಗರ ಕಡಿಯಾಕೇನು? ನಿನ್ನ ಗಂಡ ಹವಳಗಾಕ್ಕ ಫ್ಯಾಕ್ಟರಿಗಿ ಹೋಗ್ಯಾನ, ಅತ್ತಿ ಮಗಳ ಮನಿಗಿ ಹೋಗ್ಯಾಳ, ಕಲ್ಲಿನಾಥಣ್ಣನ ಫೋಟೊ ಸ್ಟುಡಿಯೋಕ್ಕ ಇವತ್ತ ರಜಾ. ಇನ್ನೇನ್ ಅವಸರ ನಿಂಗ? ಬಾ, ಇಲ್ಲಿ ನನ್ನ ಮುಂದ ಕುಂದ್ರು. ಹಾಂ... ಹಂಗ.

ಎಲ್ಲಿಗಿ ಬಂದಿದ್ದೆ? ಹಾಂ, ಕಲ್ಲಿನಾಥಣ್ಣನ ಮಾರಿ. ಯವ್ವಾ, ಆ ಮಾರಿ ನೀ ನೋಡಬೇಕಾಗಿತ್ತು! ಕಲಬುರ್ಗ್ಯಾಗ, ಅಷ್ಟೂ ಮಂದಿ ಫೋಟೊಗ್ರಾಫರ್ ಮುಂದ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕ್ಕೊಂಡು...

ಏನು? ಮೊದ್ಲಿಂದ ಹೇಳಂತಿ? ಅರ್ಧ ನಿನಗ ಗೊತ್ತಿದ್ದದ್ದೇ ಅಲ್ಲ! ...ಆತು, ಮೊದ್ಲಿಂದನ ಹೇಳ್ತೇನಿ. ನಂಗೂ ಹೇಳಿ ಹೇಳಿ ಎದಿ ಹಗುರ ಮಾಡ್ಕೋಬೇಕಾಗ್ಯಾದ.

ಎಳ್ಳಮಾಸಿ ಮುಗದು ತೊಗರಿ ರಾಶಿ ನಡದಿತ್ತು, ನೆನಪದ? ಕಲ್ಲಿನಾಥಣ್ಣ ಗಾಣಗಾಪುರಕ್ಕ ಒಂದ್ ಲಗ್ನದ ಫೋಟೊ ತೆಗಿಲಾಕ ಹೋಗೂದಿತ್ತು. ಎರಡನೇ ಕ್ಯಾಮೆರಾ ಖಾಲಿ ಇತ್ತು. "ಭಾಗ್ಯಾ, ಊರಿಗಿ ಹೊಂಟಿಯಲ್ಲ, ಒಯ್ಯಿ, ಜರಾ ಕೈ ತಿದ್ದಕೋ" ಅಂತ ತಾನೇ ಕೊಟ್ಟ. ಖರೇ ಹೇಳ್ತೇನಿ ಸಪ್ನಾ, ಅಂವಾ ಒಳ್ಳೆ ಗುರು ಇದ್ದ. ನಿಂಬರ್ಗಾದ ಕೂಲಿಯಾಕಿ ಮಗಳಿಗಿ ಬೆಳಕ ಎಲ್ಲಿಂದ ಬರ್ತದ, ನೆರಳ ಎಲ್ಲಿ ಬೀಳ್ತದ ಅಂತ ತೋರಿಸಿ ಕೊಟ್ಟಾಂವ. ಅದಕ್ಕೇ ಉರಿತದ ನೋಡು! ಹೊರಗಿನವ್ರು ದಗಾ ಮಾಡಿದ್ರ ಬೈದು ಬಿಟ್ಟು ಬಿಡಬಹುದು. ಬಾಜೂಕ ಕುಂತು ರೊಟ್ಟಿ ತಿಂದವ್ರು ಮಾಡಿದ್ರ... ಎಲ್ಲಿಗಿ ಹೋಗಿ ಬೈಬೇಕು?

ಯಾಕ, ಹಂಗ್ಯಾಕ ನೋಡಾಕತ್ತಿ? ...ಏನಿಲ್ಲ? ಆತು.

ಕ್ಯಾಮೆರಾ ಸ್ಟುಡಿಯೋದ್ದು, ಒಳಗಿನ ಮೆಮರಿ ಕಾರ್ಡ ನಂದು. ನಾ ಹೋದಾಗ ಅವ್ವ ಮಂದಿ ಹೊಲದಾಗ ತೊಗರಿ ತೂರಾಕತ್ತಿದ್ಲು. ನಮ್ಮವ್ವ ನಿಂಬೆವ್ವ ಎಂಥಾಕಿ ನಿಂಗ ಗೊತ್ತಿಲ್ಲೇನು, ಫೋಟೊ ಅಂದ್ರ ಸಾಕು, ಸೆರಗಿಲಿ ಮಾರಿ ಮುಚ್ಚಾಕಿ. "ನನ್ನ ಮಾರಿ ಏನ್ ತೆಗಿತಿ ಬೇ, ಅಲ್ಲಿ ಎತ್ತ ನಿಂತದ ನೋಡು, ಅದರದು ತೆಗಿ, ಅದರ ಮಾರಿ ಚಂದ ಅದ!" ಅನ್ನಾಕಿ. ನಗಾಕತ್ತಿ? ನಗು, ನಗು... ಅವ್ವ ಹಂಗೇ ಇದ್ಲು. ಮುಂದಿನ ಹಲ್ಲ ಬಿದ್ದಾಗಿಂದ ಬಾಯಿ ಮ್ಯಾಲ ಕೈ ಇಡದ ನಕ್ಕೇ ಇಲ್ಲ.

ನಾ ಏನ್ ಮಾಡ್ದೆ ಹೇಳು? ಅಲ್ಲೇ ಬಿದ್ದಿದ್ದ ಟಾವೆಲ್ ತಗೊಂಡು ತಲಿಗಿ ರುಮಾಲ ಸುತ್ತಿದೆ. ಹೊಟ್ಟಿ ಮುಂದ ಮಾಡಿ ಹೊಲದ ಧಣಿ ನಡದಂಗ ನಡದೆ. "ಏ ನಿಂಬೀ! ತೊಗರಿ ತೂರಾಕತ್ತಿಯೋ, ಗಾಳಿಗಿ ಊಟಕ್ಕ ಬಡಸಾಕತ್ತಿಯೋ?" ಅವ್ವಗ ನಗಿ ತಡಕೊಳ್ಳಾಕ ಆಗಲಿಲ್ಲ. ಒಂದ್ ಕೈಯಾಗ ತೂರೂ ಮೊರ, ತೊಗರಿ ಹೊಟ್ಟು ಎಲ್ಲಾ ಗಾಳ್ಯಾಗ ಬಂಗಾರ ಆಗ್ಯಾದ, ಬಿಸಲ ಹಿಂದಿನಿಂದ ಬರಾಕತ್ತದ... ಇನ್ನೊಂದ್ ಕೈ ಬಾಯಿ ಕಡಿ ಹೊಂಟಿತ್ತು, ಇನ್ನೂ ಮುಟ್ಟಿರಲಿಲ್ಲ. ಆಗ ಒತ್ತಿದೆ. ಒತ್ತಿದ ಕೂಡ್ಲೇ ಗೊತ್ತಾತು ನಂಗ. ಕೈಗೇ ಗೊತ್ತಾಗ್ತದಲ್ಲ, ಹಂಗ.

ಆಮ್ಯಾಲ ಅವ್ವ ಕ್ಯಾಮೆರಾ ಕಸಗೊಂಡ್ಲು! "ತಾ ಇಲ್ಲಿ, ಧಣ್ಯಾರದು ನಾ ತೆಗಿತೇನಿ!" ಎಲ್ಲೆಲ್ಲೋ ಒತ್ತಿದ್ಲು. ಬ್ಯಾಟರಿ ಮುಗೀಲಾಕ ಬಂದಿತ್ತು, ಅಷ್ಟರಾಗೇ ಕ್ಯಾಮೆರಾ ಬಂದ್ ಆತು. ಫೋಟೊ ಬಿದ್ದಿಲ್ಲ ಬಿಡು ಅಂದೆ. ಅವ್ವ, "ನಿನ್ನ ಮಾರಿ ಕಂಡು ಅದು ಅಂಜ್ಯಾದ" ಅಂದ್ಲು.

ಮರುದಿನ ಸ್ಟುಡಿಯೋಕ್ಕ ಬಂದು ಬ್ಯಾಟರಿ ಬದಲಿ ಮಾಡಿದೆ, ಅವ್ವ ತೆಗದದ್ದು ಕಾಣಲಿಲ್ಲ; ಅವ್ವನ ನಗೂ ಫೋಟೊ ಕಲ್ಲಿನಾಥಣ್ಣಗ ತೋರಿಸಿದೆ. ಅಂವಾ ದೊಡ್ಡದು ಮಾಡಿ ನೋಡಿದ. ಬಾಳ ಹೊತ್ತ ನೋಡಿದ. "ಯಾರಿದು?" "ನಮ್ಮವ್ವರಿ." "ಹೂಂ" ಅಂದ. ಅಷ್ಟೊತ್ತಿಗೇ ಫೋನ್ ಬಂತು. ಅವ್ವ ರಾಶಿ ಬಾಜೂಕ ಕುಂತಾಳ, ಎದಿ ಹಿಡಕೊಂಡಾಳ, ಅಷ್ಟ... ಕ್ಯಾಮೆರಾ ಅಂವನ ಕೈಯಾಗೇ ಬಿಟ್ಟು ಓಡಿದೆ ನಾ. ಬಸ್ ಸ್ಟ್ಯಾಂಡಿನ ತನಕ ನೀನೇ ಅಲ್ಲೇನು ನನ್ನ ಕೈ ಹಿಡಕೊಂಡು ಬಂದಾಕಿ? ನನ್ನ ಚಪ್ಪಲಿ ಸ್ಟುಡಿಯೋದಾಗೇ ಉಳದಾವ ಅಂತ ನಿನ್ನವು ಬಿಚ್ಚಿ ಕೊಟ್ಟಿ. ಅದನ್ನ ನಾ ಮರತಿಲ್ಲ.

ಮಣ್ಣ ಮಾಡಿದ್ವಿ. ಮೂರನೇ ದಿನಕ್ಕ ನೀನೂ ಬಂದಿ, ಸ್ಟುಡಿಯೋದಿಂದ ನೀ ಒಬ್ಬಾಕಿನ ಬಂದಿ. ನಿನ್ನ ನಿಶ್ಚಯ ಆಗಿ ಇನ್ನೂ ವಾರ ಆಗಿರಲಿಲ್ಲ, ಶುಭ ಕಾರ್ಯದ ಹುಡುಗಿ ಇಂಥಲ್ಲಿಗಿ ಬರಬಾರದು ಅಂತ ನಿಮ್ಮ ಮನ್ಯಾಗ ಅಂದಿದ್ರಂತಲ್ಲ, ಆದ್ರೂ ಬಂದಿ. ನಮ್ಮ ಓಣಿ ಮಂದಿ ಇನ್ನೂ ನೆನಸ್ತಾರ ಅದನ್ನ.

ಅವ್ವನ ದಿನಾ ಎಲ್ಲಾ ಮುಗಿಸಿ ಸ್ಟುಡಿಯೋಕ್ಕ ವಾಪಸ್ ಬಂದೆ. ಗ್ವಾಡಿಗಿ ಹಾಕಾಕ ಒಂದ್ ಫೋಟೊ ಬೇಕಾಗಿತ್ತು. ಅವ್ವಂದು ಅಂತ ಇದ್ದದ್ದು ಆಧಾರ್ ಕಾರ್ಡಿನ್ಯಾಗಿಂದು ಒಂದೇ. ಅದರಾಗ ಅವ್ವ ಕಳ್ಳತನದಾಗ ಸಿಕ್ಕೊಂಡಾಕಿ ಹಂಗ ಕಾಣ್ತಾಳ! ಬಂದಾಕಿನೇ ಕಾರ್ಡ ಕೇಳಿದೆ. ಹಾಕಿ ನೋಡಿದ್ರ... ಖಾಲಿ. ಏನೂ ಇಲ್ಲ. ಕಲ್ಲಿನಾಥಣ್ಣ ನನ್ನ ತಲಿ ಮ್ಯಾಲ ಕೈ ಇಟ್ಟ. "ಕಾರ್ಡ ಕೆಟ್ಟದ ಭಾಗ್ಯಾ. ಒಮ್ಮೊಮ್ಮಿ ಹಂಗ ಆಗ್ತದ. ಅವ್ವನ್ನ ಮನಸಿನ್ಯಾಗ ಇಟ್ಕೋ." ಅಂವನ ಕಣ್ಣಾಗ ನೀರಿತ್ತು ಸಪ್ನಾ! ಕಸಮ್ ಮಾಡಿ ಹೇಳ್ತೇನಿ, ನೀರಿತ್ತು! ಮನುಷ್ಯಾಗ ಹಂಗೂ ಅಳಲಾಕ ಬರ್ತದೇನು?

ನೀನೂ ಅತ್ತಿ. ನನಗಿಂತ ಹೆಚ್ಚ ಅತ್ತಿ. ನಿನ್ನ ಬಿಕ್ಕಳಿಕಿ ನಿಲ್ಲಲಿಲ್ಲ ಅಂತ ನಾನೇ ನಿಂಗ ನೀರ ಕುಡಿಸಿದೆ.

ಆ ಕಾರ್ಡ ಒಗಿಲಾಕ ಮನಸ ಬರಲಿಲ್ಲ. ಅವ್ವನ ಎಲಿ-ಅಡಕಿ ಚಂಚ್ಯಾಗ ಹಾಕಿಟ್ಟೆ. ಮತ್ತ ಅದಕ್ಕ ಕೈ ಹಚ್ಚಲಿಲ್ಲ. ಅದೇ ಪುಣ್ಯಾ ಆತು, ಯಾಕ ಅಂತ ಹೇಳ್ತೇನಿ, ತಡಿ.

ಶ್ರಾವಣದಾಗ ಒಂದಿನ ಮುಂಜಾನೆ ಫೋನ್ ತೆಗದೆ. ಊರಿಗಿ ಊರೇ ಒಂದೇ ಸ್ಟೇಟಸ್! ಕಲ್ಲಿನಾಥಣ್ಣ ಶೀಲ್ಡ ಹಿಡಕೊಂಡು ನಿಂತಾನ, ಕೊಳ್ಳಾಗ ಹಾರ ಅದ. ಕಲಬುರ್ಗಿ ಪ್ರದರ್ಶನದಾಗ ಮೊದಲ ಬಹುಮಾನ. ಮತ್ತ ಅಂವನ ಹಿಂದ, ಗ್ವಾಡಿ ತುಂಬ... ನಮ್ಮವ್ವ. ನಗಾಕತ್ತಾಳ. ಕೈ ಬಾಯಿ ಕಡಿ ಹೊಂಟದ, ಇನ್ನೂ ಮುಟ್ಟಿಲ್ಲ.

ಕೆಳಗ ಏನ್ ಬರದಿದ್ರು ಗೊತ್ತದೇನು? "ಹಸಿವಿನ ನಗು. ಅನಾಮಿಕ ಕೂಲಿಕಾರ್ತಿ. ಛಾಯಾಚಿತ್ರ: ಕಲ್ಲಿನಾಥ." ಹಸಿವು! ಯಾರ ಹಸಿವು? ಆವತ್ತ ಅವ್ವ ನಾಕ್ ರೊಟ್ಟಿ, ಪುಂಡಿಪಲ್ಯಾ ತಿಂದು, ಮ್ಯಾಲ ನನ್ನ ಡಬ್ಬ್ಯಾಗಿನ ಮೊಸರನ್ನಾನೂ ತಿಂದಿದ್ಲು! ಮತ್ತ ಅನಾಮಿಕ ಅಂತ... "ಯಾರಿದು" ಅಂತ ಕೇಳಿದಾಂವ ಅಂವಾನೇ ಅಲ್ಲ? "ನಮ್ಮವ್ವರಿ" ಅಂದಿದ್ದೆನಲ್ಲ ನಾ? ಫೋಟೊ ಕದ್ದ, ಹೋಗ್ಲಿ. ಅವ್ವನ ಹೆಸರ ಯಾಕ ಅಳಿಸಬೇಕಾಗಿತ್ತು?

ಇಲ್ಲ, ಅಳಂಗಿಲ್ಲ. ಬ್ಯಾಡ, ನೀರ ಬ್ಯಾಡ. ಕುಂದ್ರು.

ಆವತ್ತ ಊರ ಮಂದಿ ಎಲ್ಲಾ ಸ್ಟೇಟಸ್ ಹಾಕಿತ್ತು, ನೀ ಒಬ್ಬಾಕಿ ಹಾಕಿರಲಿಲ್ಲ. ನಾ ಏನ್ ತಿಳ್ಕೊಂಡೆ ಅಂದ್ರ... ಸಪ್ನಾಗ ನನ್ನ ಸಲುವಾಗಿ ಸಿಟ್ಟ ಬಂದದ, ಅದಕ್ಕೇ ಹಾಕಿಲ್ಲ ಅಂತ. ಆ ಹೊತ್ತಿನ್ಯಾಗ ಅದೊಂದ್ ಸಮಾಧಾನ ಇತ್ತು ನಂಗ.

ಕುಂತು ವಿಚಾರ ಮಾಡ್ದೆ. ಅಂವನ ಕಡಿ ಫೋಟೊ ಅದ ಅಂದ್ರ ಕಾರ್ಡ ಕೆಟ್ಟಿಲ್ಲ. ಮೊದ್ಲ ನಕಲ ಮಾಡ್ಕೊಂಡಾರ, ಆಮ್ಯಾಲ ಅಳಿಸ್ಯಾರ. ಸಾಕ್ಷಿ? ನನ್ನ ಕಡಿ ಏನ್ ಸಾಕ್ಷಿ ಅದ? ಖಾಲಿ ಕಾರ್ಡ. ಜೇವರ್ಗ್ಯಾಗ ನನ್ನ ಕಾಲೇಜಿನ ಗೆಳತಿ ಮಸರತ ಇದ್ದಾಳಲ್ಲ, ಕಂಪ್ಯೂಟರ್ ಕಲಿಸ್ತಾಳ, ಆಕಿಗಿ ಫೋನ್ ಹಚ್ಚಿ ಅತ್ತೆ. ಆಕಿ ಕೇಳಿದ್ದು ಒಂದೇ: "ಆ ಕಾರ್ಡಿನ್ಯಾಗ ಆಮ್ಯಾಲ ಏನರ ತೆಗದಿಯೇನು?" ಇಲ್ಲ ಅಂದೆ. "ಹಂಗಾದ್ರ ಬಾ. ಹಾದ್ಯಾಗ ಯಾವುದರಾಗೂ ಹಾಕಿ ನೋಡಬ್ಯಾಡ. ಬಾಜೂಕ ಸಣ್ಣ ಗುಂಡಿ ಅದ ನೋಡು, ಅದನ್ನ ಲಾಕ್ ಮಾಡು."

ಆಕಿ ಹೇಳಿದ್ದು ಕೇಳಿದ್ರ ನೀನೂ ಬೆರಗ ಆಗ್ತಿ. ಅಳಿಸೂದು ಅಂದ್ರ ಅಳಿಸೂದಲ್ಲಂತ! ಪಹಣಿಯಾಗಿಂದ ಹೆಸರ ತೆಗದ್ರ ಹೊಲ ಎಲ್ಲಿಗಿ ಹೋಗ್ತದ? ಅಲ್ಲೇ ಇರ್ತದ. ಇನ್ನೊಬ್ರು ಬಂದು ಉಳೂ ತನಕ ಹಳೆ ಬೆಳಿ ಹಂಗೇ ನಿಂತಿರ್ತದ. ಕಾರ್ಡೂ ಹಂಗೇ ಅಂತ. ಅದನ್ನ ತಲಾಶ ಮಾಡಿ ತೆಗಿಯೂ ಸಾಫ್ಟ್‌ವೇರ್ ಅದ, ಫೋಟೊರೆಕ್ ಅಂತ. ಪುಕ್ಕಟೆ! ಯಾರೋ ಪುಣ್ಯಾತ್ಮರು ಮಾಡಿ ಜಗತ್ತಿಗಿ ಬಿಟ್ಟಾರ. ಅಷ್ಟೇ ಅಲ್ಲ, ಹೆಂಗ ಮಾಡೇವಿ ಅಂತ ಒಳಗಿನ ಬರಹ ಸೈತ ತೆರದಿಟ್ಟಾರಂತ, ಯಾರು ಬೇಕಾದ್ರೂ ಓದಬಹುದು, ತಿದ್ದಬಹುದು. "ಹೆಸರೂ ಕೇಳಂಗಿಲ್ಲ, ರೊಕ್ಕಾನೂ ಕೇಳಂಗಿಲ್ಲ" ಅಂದ್ಲು ಮಸರತ. ನಾ ಅಂದೆ, ಮಂದಿ ಹಿಂಗೂ ಇರ್ತಾರ, ಹಂಗೂ ಇರ್ತಾರ.

ಕರಿ ಪರದೆ, ಬಿಳಿ ಅಕ್ಷರ. ನೋಡಾಕ ಏನೂ ಚಂದಿಲ್ಲ. ಯಾವ ಕಾರ್ಡ ಅಂತ ಕೇಳ್ತು, ತೋರಿಸಿದ್ಲು. ಪೂರಾ ಹುಡುಕಲೇನು ಅಂತ ಕೇಳ್ತು, ಪೂರಾ ಹುಡುಕು ಅಂದ್ಲು. ಸಿಕ್ಕದ್ದು ಎಲ್ಲಿ ಇಡಲಿ ಅಂತು. "ಅದೇ ಕಾರ್ಡಿನ್ಯಾಗ ಎಂದೂ ಇಡಬಾರದು ನೋಡು, ಹೊಲದ ಮ್ಯಾಲೇ ನೇಗಿಲಾ ಹೊಡದಂಗ ಆಗ್ತದ" ಅಂತ ಲ್ಯಾಪ್‌ಟಾಪಿನ್ಯಾಗ ಒಂದ್ ಫೋಲ್ಡರ್ ಮಾಡಿದ್ಲು. ಆಮ್ಯಾಲ ಅಂಕಿ ಏರಾಕ ಶುರು ಆತು. ನಾ ಕೈ ಜೋಡಿಸ್ಕೊಂಡು ಕುಂತಿದ್ದೆ, ಆಕಿ ನನಗ ಬೈದ್ಲು, "ಗುಡಿ ಅಲ್ಲ ಬೇ ಇದು!"

ಮೊದ್ಲ ಬ್ಯಾರೆ ಬ್ಯಾರೆ ಮಂದಿ ಎದ್ದು ಬಂದ್ರು. ಯಾವಾಗೋ ತೆಗದ ಬಸರಿಯಾಕಿ ಕುಬಸ, ಯಾರದೋ ಅರಿಶಿಣ, ಒಂದ್ ಕೂಸಿನ ತೊಟ್ಟಲ. ಹೆಸರಿಲ್ಲ, ಬರೇ ನಂಬರ್. ಒಂದೊಂದ ಅರ್ಧಕ್ಕೇ ಹರದಂಗ, ಕೆಳಗ ಬೂದಿ ಬಣ್ಣ. ನಾ ಆಸಿ ಬಿಟ್ಟಿದ್ದೆ. ಆಮ್ಯಾಲ ಒಂದ್ ತೊಗರಿ ಗುಂಪಿ ಬಂತು. ಆಮ್ಯಾಲ ಅವ್ವನ ಬೆನ್ನ. ಆಮ್ಯಾಲ ಸೆರಗಿಲಿ ಮಾರಿ ಮುಚ್ಚಿದ ಅವ್ವ. ಸೆರಗ ಸರಿಸಿ ಬೈಯ್ಯೂ ಅವ್ವ. ಆಮ್ಯಾಲ... ನಗು. ಮಸರತ ಲ್ಯಾಪ್‌ಟಾಪ್ ನನ್ನ ಕಡಿ ತಿರುಗಿಸಿ ಹೊರಗ ಹೋಗಿ ಕುಂತ್ಲು.

ಮತ್ತ ಅದರ ಮುಂದಿನದು ಏನಿತ್ತು ಹೇಳು? ವಾರೆ ಆಗ್ಯಾದ, ಅರ್ಧ ಆಕಾಶ, ಅರ್ಧ ತೊಗರಿ, ಮೂಲ್ಯಾಗ ಅವ್ವನ ಕೈ ಬಟ್ಟ... ಮತ್ತ ನಡಬರಕ ರುಮಾಲ ಸುತ್ತಿ, ಹೊಟ್ಟಿ ಮುಂದ ಮಾಡಿ ನಿಂತ ನಾನು! ಅವ್ವ ತೆಗದದ್ದು ಬಿದ್ದಿತ್ತು ಬೇ! ಬಿದ್ದಿತ್ತು! ಜನ್ಮದಾಗ ಆಕಿ ತೆಗದ ಒಂದೇ ಫೋಟೊ... ಅದರಾಗ ನಾ ಇದ್ದೇನಿ.

ಹೂಂ. ನೀನೂ ಒರಸ್ಕೋ ಕಣ್ಣ.

ಅಷ್ಟೂ ತಗೊಂಡು ಕಲಬುರ್ಗಿಗಿ ಹೋದೆ. ಬಸವಂತರಾಯರು ಅಂತ ಇದ್ದಾರ, ಹಳೆ ಫೋಟೊಗ್ರಾಫರು, ಬಹುಮಾನ ಆರಿಸಿದವರು. ಕಲ್ಲಿನಾಥಣ್ಣಗೂ ಹೇಳಿ ಕಳಿಸಿದ್ರು. ಬಂದ. ನನ್ನ ನೋಡಿ ನಕ್ಕ. "ಕ್ಯಾಮೆರಾ ನಂದು, ಕಲಿಸಿದಾಂವ ನಾ. ಒತ್ತಿದ ಬಟ್ಟ ಅಷ್ಟ ಆಕಿದು, ಆಕಿ ಬಟ್ಟೂ ನಾನೇ ತಿದ್ದಿದ್ದು" ಅಂದ! ಅಷ್ಟೂ ಮಂದಿ ಮುಂದ! ಆಮ್ಯಾಲ ಮಾತ ಬದಲಿಸಿದ, "ಒತ್ತಿದಾಂವನೂ ನಾನೇ, ಆಕಿ ಅಲ್ಲಿ ಇರಲೇ ಇಲ್ಲ" ಅಂದ. ಬಸವಂತರಾಯರು ಫೋಟೊ ಒಂದೊಂದ ನೋಡ್ಕೋತ ಬಂದು ಅವ್ವ ತೆಗದದ್ದರ ಮ್ಯಾಲ ನಿಂತ್ರು. "ರುಮಾಲ ಸುತ್ತಿದಾಕಿ ಯಾರವಾ?" "ನಾನ್ರಿ." "ತೆಗದವ್ರು?" "ನಮ್ಮವ್ವರಿ." ಆಮ್ಯಾಲ ಅಂವನ ಕಡಿ ತಿರುಗಿ, "ಈ ಫೋಟೊದ ಒಳಗಿನ ತಾರೀಖಿಗಿ ನೀ ಗಾಣಗಾಪುರದಾಗ ಲಗ್ನದ ಫೋಟೊ ತೆಗದು ಸ್ಟುಡಿಯೋದ ಪೇಜಿಗಿ ಹಾಕೀಯಲ್ಲೋ ತಮ್ಮಾ" ಅಂದ್ರು.

ಆ ಮಾರಿ! ಆ ಮಾರಿನೇ ನಾ ಹೇಳಿದ್ದು. ಬಿಳಿ ಅಂಗಿಗೂ ಮಾರಿಗೂ ಫರಕ ಉಳಿಲಿಲ್ಲ.

ಹೆಸರ ಬದಲಿ ಮಾಡಿದ್ರು ಸಪ್ನಾ. "ನಿಂಬೆವ್ವ, ನಿಂಬರ್ಗಾ. ತೆಗೆದವರು: ಮಗಳು ಭಾಗ್ಯಜ್ಯೋತಿ." ಶೀಲ್ಡ ಕೊಡಾಕ ಬಂದ್ರು, ಒಲ್ಲೆ ಅಂದೆ. ಫೋಟೊ ಅಷ್ಟ ಕೊಡ್ರಿ ಅಂದೆ. ಮನ್ಯಾಗ ಗ್ವಾಡಿಗಿ ಹಾಕೇನಿ. ಸ್ಟುಡಿಯೋಕ್ಕ ಇನ್ನ ಹೋಗಂಗಿಲ್ಲ ನಾ. ಆಳಂದದಾಗ ಒಂದ್ ಕಡಿ ಕೆಲಸ ಸಿಕ್ಕದ, ಮುಂದಿನ ವಾರದಿಂದ.

ಹೌದು... ಚಲೋ ಆತು. ನೀ ಅಂದಂಗ, ಚಲೋನ ಆತು.

...ಅಷ್ಟ. ಕತಿ ಮುಗೀತು.

ಯಾಕ ಎದ್ದಿ? ಕುಂದ್ರು ಬೇ. ಒಂದ್ ಮಾತ ಕೇಳ್ತೇನಿ.

ಈ ಕತಿ ನಾ ನಾಕೈದ ಮಂದಿಗಿ ಹೇಳೇನಿ. ಮಸರತಗ ಹೇಳಿದೆ, ಆಕಿ ನಡಬರಕ ನಿಲ್ಲಿಸಿ ಕೇಳಿದ್ಲು, "ಅಳಿಸಿದವ್ರು ಯಾರು?" ಬಸವಂತರಾಯರಿಗಿ ಹೇಳಿದೆ, ಅವ್ರೂ ಕೇಳಿದ್ರು, "ಯಾರವಾ ಅಳಿಸಿದ್ದು?" ಬರೂ ಮುಂದ ಬಸ್ಸಿನ್ಯಾಗ ಬಾಜೂಕ ಒಬ್ಬಾಕಿ ಮುದುಕಿ ಕುಂತಿದ್ಲು, ಕಾರ್ಡ ಅಂದ್ರ ಏನಂತ ಸೈತ ಗೊತ್ತಿಲ್ಲ ಆಕಿಗಿ, ಆಕಿನೂ ಕೇಳಿದ್ಲು, "ಅದನ್ನ ಅಳಿಸಿದಾಕಿ ಯಾರು ಯವ್ವಾ?"

ನೀ ಕೇಳಲಿಲ್ಲ.

ಮೊದ್ಲಿಂದ ಕಡೀತನ ಕೇಳಿದಿ, ನಕ್ಕಿ, ಕಣ್ಣ ಒರಸ್ಕೊಂಡಿ... ಅದೊಂದ್ ಕೇಳಲಿಲ್ಲ. ಕಲ್ಲಿನಾಥಣ್ಣನೇ ಅಳಿಸ್ಯಾನ ಅಂತ ತಿಳ್ಕೊಂಡಿ ಅಂತ ಅನ್ನಲೇನು? ಅನ್ನು ನೀ. ನೀನೇ ಅನ್ನು. ...ನೆಲ ನೋಡಬ್ಯಾಡ, ನನ್ನ ಮಾರಿ ನೋಡಿ ಅನ್ನು.

ಒಂದ್ ಫೋಟೊ ನಾ ಯಾರಿಗೂ ತೋರಿಸಿಲ್ಲ ಸಪ್ನಾ. ಮಸರತಗೂ ಇಲ್ಲ. ಆಕಿ ಹೊರಗ ಕುಂತಾಗ ಬಂತು ಅದು. ಎಲ್ಲಾಕ್ಕಿಂತ ಕಡೀಕ. ಖಾಲಿ ಮಾಡಿದ ಕಾರ್ಡಿನ್ಯಾಗ ಒಂದ್ ಫೋಟೊ ಹೊಡದು ನೋಡಿ ಅಳಿಸೂದು... ಆ ರೂಢಿ ನಿಂದು. ಹೊಸದಾಗಿ ಬಂದಾಗ ನಾನೇ ನಿಂಗ ಹೇಳಿ ಕೊಟ್ಟಿದ್ದು. ಸ್ಟುಡಿಯೋದ ಕೆಂಪು ಜಮಖಾನಿ. ಅದರ ಮ್ಯಾಲ ಎರಡು ಕಾಲ. ಮೆಹಂದಿ ಇನ್ನೂ ಕಪ್ಪಗ ಅದ, ನಿಶ್ಚಯದ ಮೆಹಂದಿ.

ತಾರೀಖೂ ಅದ ಅದರಾಗ. ಅವ್ವನ ಮೂರನೇ ದಿನ. ಮುಂಜಾನೆ. ಅಂದ್ರ ಅಳಿಸಿ, ಬಸ್ ಹತ್ತಿ, ನಮ್ಮ ಮನಿಗಿ ಬಂದಿ. ಅವೇ ಕಾಲಿಲೆ ಬಂದಿ. ಅವ್ವನ ಮಣ್ಣಿನ ಮ್ಯಾಲ ಹೂವ ಇಟ್ಟಿ. ತಾಯಿಲ್ಲದ ಕೂಸು ಅಂತ ಆಕಿ ನಿಂಗ ಶೇಂಗಾದ ಹೋಳಿಗಿ ಕಟ್ಟಿ ಕಳಸ್ತಿದ್ಲು ಬೇ...

ಅಂಜಿಸಿದ್ನೇನು ಅಂವಾ? ಕೆಲಸ ಹೋಗ್ತದ ಅಂದ್ನೇನು? ನಿನ್ನ ಲಗ್ನದ ಫೋಟೊ ತಾನೇ ತೆಗದು ಕೊಡ್ತೇನಿ ಅಂದ್ನೇನು? ಯಾವ ಕಾರ್ಡ ಅಂತ ಗೊತ್ತಿಲ್ಲದ ಅಳಿಸಿದ್ಯೇನು? ನಾಕೂ ನಾನೇ ಹೇಳಾಕತ್ತೇನಿ ನೋಡು, ಯಾವುದರ ಒಂದ್ ಹಿಡಕೋ! ನೀ ಯಾವುದು ಹೇಳಿದ್ರೂ ನಂಬತಿದ್ದೆ ನಾ. ದಾರಿ ತುಂಬ ನಿನ್ನ ಪರವಾಗಿ ನಾನೇ ಮಾತ ಹುಡುಕ್ಕೋತ ಬಂದೇನಿ.

ಬಸವಂತರಾಯರಿಗಿ ಏನ್ ಹೇಳಿದೆ ಗೊತ್ತದೇನು? "ಗೊತ್ತಿಲ್ರಿ" ಅಂದೆ. ಕಲ್ಲಿನಾಥಣ್ಣ ಅಲ್ಲೇ ನಿಂತಿದ್ದ. ನಿನ್ನ ಹೆಸರ ಹೇಳಲಿಲ್ಲ ಅಂವಾ, ನಾನೂ ಹೇಳಲಿಲ್ಲ. ಅಂವಗ ದಗಾ ಮಾಡಾಕ ಬರ್ತದ, ನಂಗ ಯಾಕ ಬರಲಿಲ್ಲ, ತಿಳಿವಲ್ದು.

ಬೈಯ್ಯಾಕ ಬಂದಿಲ್ಲ ನಾ. ಆ ಫೋಟೊ ತಂದೂ ಇಲ್ಲ, ಅಂಜಬ್ಯಾಡ. ಬರೇ ಕತಿ ಹೇಳಾಕ ಬಂದಿದ್ದೆ. ಎಲ್ಲಾರೂ ಕೇಳಿದಂಗ ನೀನೂ ಕೇಳ್ತಿ ಅನ್ಕೊಂಡಿದ್ದೆ, ಕೇಳಿದ್ರ ಆ ಮೆಹಂದಿ ಕಾಲ ಯಾರವೋ ಏನೋ ಅಂತ ನನ್ನ ಕಣ್ಣಿಗಿ ನಾನೇ ಸುಳ್ಳ ಹೇಳ್ತಿದ್ದೆ...

ಕೇಳು ಸಪ್ನಾ. ಇನ್ನೂ ಹೊತ್ತ ಹೋಗಿಲ್ಲ. ಒಂದೇ ಸಲ, ಸುಳ್ಳ ಸುಳ್ಳೇ ಕೇಳು. "ಯಾರು ಅಳಿಸಿದ್ರು ಅಕ್ಕಾ?" ಅನ್ನು. ನಾ "ಗೊತ್ತಿಲ್ಲ" ಅಂತೇನಿ. ಅವ್ವನ ಆಣಿ ಮಾಡಿ ಹೇಳ್ತೇನಿ, ಹಂಗೇ ಅಂತೇನಿ.

ಕೇಳು ಬೇ...

ಸಪ್ನಾ?